ಪ್ಯಾಡಿನ ಮೇಲೆ ಎರಡನೇ ಕೈ

"ಈಗ ಹೊಡೀರಿ," ಎಂದಳು ರಾಧಿಕಾ.

ಕಾನ್‌ಸ್ಟೇಬಲ್ ಹಣಮಂತ ಎರಡೂ ಕೋಲುಗಳನ್ನು ಲಾಠಿಯಂತೆ ಬಿಗಿಯಾಗಿ ಹಿಡಿದಿದ್ದ. ಸ್ಟ್ಯಾಂಡಿನ ಮೇಲಿದ್ದ ಎಲೆಕ್ಟ್ರಾನಿಕ್ ಪ್ಯಾಡಿನ ರಬ್ಬರಿಗೆ ಒಂದೇಟು ಹಾಕಿದ. ರಬ್ಬರಿನಿಂದ ಬಂದದ್ದು ಬರೀ 'ಟಪ್'. ಆದರೆ ಸ್ಪೀಕರಿನಿಂದ ಹಲಗೆ ವಾದ್ಯದ ಸದ್ದು ಖಣ್ಣೆಂದು ಹೊರಬಿತ್ತು.

"ನಿಲ್ಲಸಬ್ಯಾಡ್ರಿ. ಹೊಡಕೋಂತ ಹೋಗ್ರಿ."

ಹಣಮಂತ ಹೊಡೆಯುತ್ತ ಹೋದ. ತಾಳವಿಲ್ಲ, ಲಯವಿಲ್ಲ. ಆದರೆ ಒಂದೊಂದು ಸದ್ದೂ ಸ್ವಚ್ಛ. ಹಾಡಿನಲ್ಲಿ ಕೇಳಿಸಿದ್ದ ಚರಚರ ಎಲ್ಲೂ ಇಲ್ಲ.

ಸಬ್ ಇನ್ಸ್‌ಪೆಕ್ಟರ್ ಸುಜಾತಾ ಕಿಟಕಿಯ ಪಕ್ಕ ನಿಂತಿದ್ದಳು. ಕೆಳಗೆ ಕಲ್ಲೋಳಿಯ ರಸ್ತೆಯಲ್ಲಿ ಗೋಕಾಕದ ಬಸ್ಸಿಗೆ ಜನ ನೂಕಾಡುತ್ತಿದ್ದರು. ಇದೇ ಸ್ಟುಡಿಯೋದಲ್ಲಿ ಕೊನೆಯ ಹಾಡಿಗೆ ಪ್ಯಾಡ್ ಬಾರಿಸಿದ್ದ ಲಗಮಪ್ಪ ಮರುದಿನ ಮೇಲವಂಕಿ ದಾರಿಯ ಕಾಲುವೆಯಲ್ಲಿ ಬೈಕಿನ ಸಮೇತ ಹೆಣವಾಗಿ ಸಿಕ್ಕಿದ್ದ. ಕುಡಿದು ಬಿದ್ದ ಎಂದು ಊರು ತೀರ್ಮಾನ ಮಾಡಿ ಮುಗಿಸಿತ್ತು. ಹೊಟ್ಟೆಯಲ್ಲಿ ಹೆಂಡದ ಹನಿಯೂ ಇರಲಿಲ್ಲ ಎಂದು ವರದಿ ಬಂದ ಮೇಲೂ ಊರು ತನ್ನ ತೀರ್ಮಾನ ಬದಲಿಸಿರಲಿಲ್ಲ.

"ನಾ ಮೊದಲ ಹೇಳಿದ್ನೆಲ್ರಿ ಮೇಡಂ," ಎಂದ ಸ್ಟುಡಿಯೋದ ಮಾಲೀಕ ಶ್ರೀಶೈಲ. ಗೋಡೆಗೆ ಬಡಿದಿದ್ದ ಹಳೆಯ ಹಾಸಿಗೆಯ ಸ್ಪಂಜಿಗೆ ಬೆನ್ನು ಹಚ್ಚಿ ನಿಂತಿದ್ದ. "ಅವತ್ತ ಕರೆಂಟಿನ ತ್ರಾಸ ಆಗಿರಬೇಕು. ಒಂದ ದಿನಾ ಕಂಪ್ಯೂಟರ್ ನನ್ನ ಕೈಯಾಗ ಕೊಡ್ರಿ. ಚರಚರ ತಗದು ಹಾಡ ಬಿಡ್ತೀನಿ. ಲಗಮಪ್ಪನ ಹೆಸರಲೇ ಬಿಡ್ತೀನಿ. ಮಂದಿ ಕೇಳಾಕತ್ತಾರ."

"ನಿನ್ನೆ ವಾಯರ್ ಲೂಸ್ ಅಂದಿದ್ರಿ," ಎಂದಳು ಸುಜಾತಾ, ಕಿಟಕಿಯಿಂದ ಕಣ್ಣು ತೆಗೆಯದೆ. "ಅದಕ್ಕ ಮೊದಲ ಪ್ಯಾಡ್ ಕೆಟ್ಟೈತಿ ಅಂದಿದ್ರಿ."

ಶ್ರೀಶೈಲ ಬೆನ್ನ ಹಿಂದಿನ ಸ್ಪಂಜನ್ನು ಉಗುರಿನಿಂದ ಕೆದರಿದ.

ಸುಜಾತಾಳಿಗೆ ಹಾಡಿನ ಗಂಧ ಅಷ್ಟಿರಲಿಲ್ಲ. ಲಗಮಪ್ಪ ಬದುಕಿದ್ದ ಎಂಬುದಕ್ಕೆ ಕೊನೆಯ ಸಾಕ್ಷಿ ಈ ಹಾಡು ಎಂದು ಜೀಪಿನಲ್ಲಿ ಕೂತು ಕೇಳಿದ್ದಳು. ನಡುವೆ ಒಂದು ಕಡೆ ಎಣ್ಣೆಗೆ ನೀರು ಬಿದ್ದಂತೆ ಚರಚರ ಎನ್ನುತ್ತಿತ್ತು. ಇದೇನೆಂದು ಸುಮ್ಮನೆ ಕೇಳಿದಳು. ಕೇಳಿದಾಗಲೆಲ್ಲ ಶ್ರೀಶೈಲ ಬೇರೆ ಬೇರೆ ಕಾರಣ ಹೇಳಿದ. ಅದಕ್ಕೇ ಹುಕ್ಕೇರಿಯಿಂದ ರಾಧಿಕಾಳನ್ನು ಕರೆಸಿದ್ದಳು. ರಾಧಿಕಾ ಪುಣೆಯಲ್ಲಿ ಧ್ವನಿಮುದ್ರಣ ಕಲಿತು ಬಂದು ಹುಕ್ಕೇರಿಯಲ್ಲಿ ತನ್ನದೇ ಸ್ಟುಡಿಯೋ ನಡೆಸುತ್ತಿದ್ದಳು. ಈ ಭಾಗದ ಮದುವೆ ಮೆರವಣಿಗೆಗಳಲ್ಲಿ ಡಿಜೆ ಗಾಡಿಗಳ ಮೇಲೆ ಒದರುವ ಹಾಡುಗಳಲ್ಲಿ ಎಷ್ಟೋ ಅವಳ ಕೈಯಿಂದ ಬಂದವು.

"ಪ್ಯಾಡ್ ಕೆಟ್ಟಿಲ್ಲ," ಎಂದಳು ರಾಧಿಕಾ. "ವಾಯರ್ ಬದಲಿ ಮಾಡಿದೆ, ಕೂಡಸೋ ಜಾಗಾನೂ ಬದಲಿ ಮಾಡಿದೆ. ಬಫರ್ ನೋಡಿದೆ."

"ಬಫರ್ ಅಂದ್ರ?"

"ಕಂಪ್ಯೂಟರ್ ಸದ್ದನ್ನ ಒಂದೊಂದ ಬೊಗಸಿ ತುಂಬಿ ಸ್ಪೀಕರಿಗೆ ಕೊಡತೈತ್ರಿ ಮೇಡಂ. ಬೊಗಸಿ ತೀರಾ ಸಣ್ಣದಿದ್ರ ತುಂಬೂದ್ರಾಗ ಖಾಲಿ ಆಕ್ಕೈತಿ. ಆ ಖಾಲಿ ಜಾಗಾನ ಚರ್ ಅನ್ನೂದು. ಲಗಮಪ್ಪ ಎಷ್ಟ ಇಟ್ಟಿದ್ನೋ ಅಷ್ಟ ಇಟ್ಟ ನೋಡಿದೆ. ಅವನ ಲೆಕ್ಕಾ ಬರೋಬ್ಬರಿ ಐತಿ."

"ಮತ್ತ ಚರಚರ ಎಲ್ಲಿಂದ ಬಂತು?"

ರಾಧಿಕಾ ಕಂಪ್ಯೂಟರಿನ ಮೇಲೆ ಲಗಮಪ್ಪನ ಹಾಡು ತೆಗೆದಳು. ಪರದೆಯ ಮೇಲೆ ಎರಡು ಪಟ್ಟಿಗಳು. ಒಂದರಲ್ಲಿ ಸಣ್ಣ ಸಣ್ಣ ಚುಕ್ಕಿಗಳು, ಇನ್ನೊಂದರಲ್ಲಿ ಗುಡ್ಡ ಕಣಿವೆಯಂಥ ಗೆರೆ.

"ಈ ಪ್ಯಾಡಿಗೆ ಸ್ವಂತ ದನಿ ಇಲ್ರಿ. ಯಾವ ರಬ್ಬರಿಗೆ ಏಟ ಬಿತ್ತು, ಎಷ್ಟ ಜೋರ ಬಿತ್ತು, ಇಷ್ಟ ಸುದ್ದಿ ಕಂಪ್ಯೂಟರಿಗೆ ಕಳಸತೈತಿ. ಚುಕ್ಕಿ ಅಂದ್ರ ಆ ಸುದ್ದಿ. ಸುದ್ದಿ ಬಂದ ಕೂಡ್ಲೇ ಕಂಪ್ಯೂಟರಿನ್ಯಾಗಿನ ಸಾಫ್ಟ್‌ವೇರ್ ಖರೆ ಹಲಗಿದು, ಖರೆ ಡೊಳ್ಳಿಂದು ಮೊದಲ ರೆಕಾರ್ಡ್ ಮಾಡಿಟ್ಟ ಸದ್ದು ಹುಡುಕಿ ತಗದ ಬಾರಸತೈತಿ. ಆ ಸದ್ದು ಈ ಗೆರಿ. ಚರಚರ ಈ ಗೆರ್‍ಯಾಗ ಐತಿ."

ಹಾಡು ಬಾರಿಸಿದಳು. ಮೊದಲ ನುಡಿ ಸ್ವಚ್ಛ. ಎರಡನೇ ನುಡಿ ಸ್ವಚ್ಛ. ಮೂರನೇ ನುಡಿ ಶುರುವಾಗುವ ಮುಂಚೆ ಚರ್, ಚರಚರ. ಆಮೇಲೆ ಹಾಡು ಮುಗಿಯುವವರೆಗೂ ಮತ್ತೆ ಸ್ವಚ್ಛ.

"ಈಗ ಗೆರಿ ಬಿಟ್ಟು ಚುಕ್ಕಿ ಅಷ್ಟ ಬಾರಸ್ತೀನಿ. ಅವ ಏಟು, ಆದ್ರ ಸದ್ದು ಇವತ್ತಿಂದು."

ಅದೇ ಜಾಗ ಬಂತು. ಹಲಗೆ ಖಣಖಣ ಎಂದಿತು. ಚರಚರ ಇರಲಿಲ್ಲ.

"ಅಂದ್ರ ತಪ್ಪು ಕೈದಲ್ಲ, ವಾಯರಿಂದಲ್ಲ," ಎಂದಳು ರಾಧಿಕಾ. "ಆ ಹೊತ್ತಿಂದು. ಆ ಹೊತ್ತಿನ್ಯಾಗ ಕಂಪ್ಯೂಟರಿಗೆ ಬ್ಯಾರೆ ಏನೋ ಕೆಲಸ ಬಿದ್ದೈತಿ."

ಮೇಜಿನ ಮೇಲೆ ಕೈಯಗಲದ ಕರಿ ಡಬ್ಬಿಯೊಂದಿತ್ತು. ಹಳೆಯ ಡಿಸ್ಕು. ವಾದ್ಯದ ಸದ್ದುಗಳು, ಹಾಡುಗಳು, ಸ್ಟುಡಿಯೋದ ಆಸ್ತಿಯೆಲ್ಲ ಅದರಲ್ಲಿ. ಕಿವಿಗೊಟ್ಟರೆ ಒಳಗೆ ತಿರುಗುವ ಸದ್ದು ಕೇಳುತ್ತಿತ್ತು. ರಾಧಿಕಾ ತನ್ನ ಚೀಲದಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದಳು. ಡಿಸ್ಕಿನಲ್ಲಿದ್ದ ಹಳೆಯ ಹಾಡುಗಳ ದೊಡ್ಡ ಗಂಟೊಂದನ್ನು ಅದಕ್ಕೆ ನಕಲು ಮಾಡಲು ಹಚ್ಚಿದಳು.

"ಈಗ ಹೊಡೀರಿ ಹಣಮಂತ ಅವರ."

ಹಣಮಂತ ಹೊಡೆದ.

ಚರ್. ಚರಚರ. ಚರ್.

ಹಣಮಂತನ ಕೈ ತಾನಾಗಿ ನಿಂತಿತು. ಶ್ರೀಶೈಲ ನೆಲ ನೋಡುತ್ತಿದ್ದ.

"ಹಳೇ ಡಿಸ್ಕು ಎರಡೂ ಕಡೆ ಓಡಾಡಬೇಕ್ರಿ. ಹಲಗಿ ಸದ್ದು ಹುಡುಕಿ ಕೊಡಬೇಕು, ನಕಲಾನೂ ಮಾಡಬೇಕು. ಸಾಲೂದಿಲ್ಲ. ಲಗಮಪ್ಪ ಬಾರಸಾಕತ್ತಾಗ ಯಾರೋ ಈ ಡಿಸ್ಕಿನಿಂದ ದೊಡ್ಡದೇನೋ ನಕಲ ಮಾಡಿಕೊಳ್ಳಾಕತ್ತಿದ್ರು."

"ಅವನ ಮಾಡಿರಬಾರದ?"

"ಎರಡೂ ಕೈಯಾಗ ಕೋಲ ಅದಾವ್ರಿ. ಚರಚರ ಶುರು ಆಗೂದು ಹಾಡಿನ ನಡುವ. ಅದಕ್ಕ ಮೊದಲ ಒಂದೂ ಏಟ ತಪ್ಪಿಲ್ಲ. ಕುಂತಲ್ಲಿಂದ ಕಂಪ್ಯೂಟರಿಗೆ ಕೈ ಮುಟ್ಟೂದಿಲ್ಲ."

ಸುಜಾತಾ ಪ್ಯಾಡಿನ ಸ್ಟೂಲಿನ ಮೇಲೆ ಕೂತು ನೋಡಿದಳು. ಕಂಪ್ಯೂಟರ್ ಬೆನ್ನ ಹಿಂದೆ ಇತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವನಿಗೆ ಹಿಂದಿನ ಬಾಗಿಲು ತೆರೆದದ್ದು ಕೇಳುತ್ತಿರಲಿಲ್ಲ. ಯಾರು ಒಳಬಂದರೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವುದಿದ್ದರೆ ಒಂದೇ ದಾರಿ.

"ಈ ಚರಚರ ಅವಗ ಕೇಳತಿತ್ತೇನ್ರಿ, ಹೆಡ್‌ಫೋನಿನ್ಯಾಗ?"

"ಎಲ್ಲಾರಕಿಂತ ಮೊದಲ ಅವಗ ಕೇಳತಿತ್ತು," ಎಂದಳು ರಾಧಿಕಾ.

ಸುಜಾತಾ ಒಂದು ಗಳಿಗೆ ಕಾದಳು. ತನಗೆ ಏನಾದರೂ ಅನ್ನಿಸುತ್ತದೆಯೇ ಎಂದು. ಏನೂ ಅನ್ನಿಸಲಿಲ್ಲ. ಬೇಸಿಗೆಯಲ್ಲಿ ತಾಯಿ ತೀರಿಕೊಂಡ ಮೇಲೆ ಹೀಗೇ ಇತ್ತು. ಮಣ್ಣು ಮಾಡಿ ಬಂದು ಸಮವಸ್ತ್ರ ಹಾಕಿಕೊಂಡವಳು. ಅಂದಿನಿಂದ ಊಟಕ್ಕೆ ರುಚಿ ಇರಲಿಲ್ಲ, ನಿದ್ದೆಗೆ ಆಳ ಇರಲಿಲ್ಲ. ಕಾಲುವೆಯಿಂದ ಲಗಮಪ್ಪನನ್ನು ಎತ್ತಿದಾಗ ಮಂದಿ ಮುಖ ತಿರುಗಿಸಿದ್ದರು. ಇವಳು ನೋಡುತ್ತ ನಿಂತಿದ್ದಳು, ಅಂಗಡಿಯ ಬೋರ್ಡು ಓದುವ ಹಾಗೆ.

"ಹಣಮಂತ ಅವರ, ಬಾಗಲಾ ಮುಂದ ಮಾಡ್ರಿ."

ಬಾಗಿಲು ಮುಚ್ಚುವಾಗ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಕಂಡಳು. ಲಗಮಪ್ಪನ ಹೆಂಡತಿ ಶೋಭಾ. ಗಂಡನ ಕೋಲುಗಳನ್ನು ಗುರುತು ಹಿಡಿದು ಹೇಳಲು ಅವಳನ್ನು ಕರೆಸಿದ್ದರು. ಮುಂದಿಟ್ಟ ಚಹಾ ಕೆನೆಗಟ್ಟಿತ್ತು. ಅವಳು ಅದನ್ನು ಮುಟ್ಟಿರಲಿಲ್ಲ, ತಳ್ಳಿಯೂ ಇರಲಿಲ್ಲ.

ಸುಜಾತಾ ಶ್ರೀಶೈಲನ ಎದುರು ಕುರ್ಚಿ ಎಳೆದುಕೊಂಡಳು.

"ಕೂಡ್ರಿ."

ಅವನು ಕೂತ.

"ಅವತ್ತ ಆದಿತ್ಯವಾರ ನೀವ ಹತ್ತರಗ್ಯಾಗಿದ್ರಿ. ತಂಗಿ ಮಗನ ನಿಶ್ಚಯ. ನಾ ಆ ವಿಡಿಯೋ ನೋಡೇನಿ, ಊಟದ ಪಂಕ್ತ್ಯಾಗ ಹೋಳಿಗಿ ಬಡಸಾಕತ್ತೀರಿ. ಹೈವೇ ಹೋಟೆಲಿನ ಕ್ಯಾಮೆರಾದಾಗೂ ಅದೀರಿ. ನೀವ ಇಲ್ಲಿರಲಿಲ್ಲ ಅನ್ನೂದು ನಂಗ ಗೊತ್ತೈತಿ."

"ಹೌದ್ರಿ ಮೇಡಂ." ಅವನ ಉಸಿರು ಸ್ವಲ್ಪ ಸಡಿಲವಾಯಿತು.

"ಹಂಗಾರ ಸುಳ್ಳ ಯಾಕ ಹೇಳಾಕತ್ತೀರಿ?"

"ನಾ ಏನ ಸುಳ್ಳ..."

"ಕಂಪ್ಯೂಟರ್ ಯಾಕ ಬೇಕು ನಿಮ್ಗ?"

"ಹಾಡ ಬಿಡಾಕ..."

"ಡಿಸ್ಕಿನಿಂದ ಏನ ಹೋಗೇತಿ?"

ಶ್ರೀಶೈಲ ಅಂಗೈಯಿಂದ ಮುಖ ಒರೆಸಿಕೊಂಡ. ಬೆವರು ಇರಲಿಲ್ಲ. ಆದರೂ ಒರೆಸಿಕೊಂಡ.

"ನಾ ಕೈ ಎತ್ತೂದಿಲ್ಲ, ಒದರೂದಿಲ್ಲ," ಎಂದಳು ಸುಜಾತಾ. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಆದ್ರ ಎದ್ದೂ ಹೋಗೂದಿಲ್ಲ. ಸತ್ತಾಂವ ನಿಮ್ಮ ಗೆಳೆಯ ಅಂತೀರಿ. ಏನ ಹೋಗೇತಿ ಹೇಳ್ರಿ."

ಶ್ರೀಶೈಲ ಡಿಸ್ಕಿನ ಕಡೆ ಕೈ ತೋರಿಸಿದ. "ಗುನುಗು."

"ಏನು?"

"ಲಗಮಪ್ಪ ಗುನುಗಿದ್ದು. ಅವಗ ಯಾವಾಗರೆ ಒಂದ ರಾಗ ಹೊಳೀತಂದ್ರ ಇಲ್ಲಿ ಬಂದು, ಹಾಡಿಲ್ಲ ಏನಿಲ್ಲ, ಬರೇ ಹ್ಞೂಂ ಹ್ಞೂಂ ಅಂತ ಗುನುಗಿ ರೆಕಾರ್ಡ್ ಮಾಡಿ ಇಡತಿದ್ದ. ಎಷ್ಟೋ ವರ್ಷದ್ದು. ಎಲ್ಲಾ ಒಂದ ಕಡೆ ಇದ್ದವು. ನಾ ಹತ್ತರಗಿಂದ ಬಂದು ಕಂಪ್ಯೂಟರ್ ತಗದ ನೋಡಿದ್ರ ಒಂದೂ ಇರಲಿಲ್ಲ. ಒರಿಸಿ ಹಾಕಿದ್ರು."

"ಅದನ್ನ ಯಾರ ಒಯ್ತಾರ?"

ಶ್ರೀಶೈಲ ರಾಧಿಕಾಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಈ ಕಸುಬಿನವರಿಗೆಲ್ಲ ಗೊತ್ತಿದ್ದ ವಿಷಯವೊಂದು ಆ ನೋಟದಲ್ಲಿತ್ತು.

"ವಿಶಾಲನ ಹಾಡು ನೀವೂ ಕೇಳಿರಬೇಕ್ರಿ ಮೇಡಂ," ಎಂದ ಶ್ರೀಶೈಲ. "ಮದುವಿ ಇರ್ಲಿ, ಮೆರವಣಿಗಿ ಇರ್ಲಿ, ಅವನ ಹಾಡ ಇಲ್ಲಂದ್ರ ನಡಿಯೂದಿಲ್ಲ. ಎಲ್ಲಾದರ ಮ್ಯಾಲೂ ಸಾಹಿತ್ಯ, ರಾಗ, ಗಾಯನ ವಿಶಾಲ ಅಂತ ಹಾಕ್ಕೋಂತ ಬಂದೀವಿ. ರಾಗ ಅವನವಲ್ಲ. ಒಂದೂ ಅವನದಲ್ಲ."

ವಿಶಾಲನ ಹೇಳಿಕೆಯನ್ನು ಸುಜಾತಾಳೇ ಬರೆದುಕೊಂಡಿದ್ದಳು. ಮೂಡಲಗಿಯ ಮನೆಯಲ್ಲಿ, ಗೋಡೆ ತುಂಬ ಸನ್ಮಾನದ ಶಾಲು ಹೊದ್ದ ಫೋಟೋಗಳ ನಡುವೆ ಕೂತು ಅವನು ಅತ್ತಿದ್ದ. ಆ ಆದಿತ್ಯವಾರ ಗಂಟಲು ಕಟ್ಟಿ ಗೋಕಾಕದಲ್ಲಿ ಅಕ್ಕನ ಮನೆಯಲ್ಲಿ ಮಲಗಿದ್ದೆ ಎಂದಿದ್ದ. ಲಗಮಪ್ಪನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ಲಗಮಪ್ಪ ಏನಾರ ಅಂದಿದ್ನೇನು?"

"ಈ ಹಾಡಿನಿಂದ ಮುಂದ ನನ್ನ ಹೆಸರ ಹಾಕ್ರಿ ಅಂದಿದ್ದ. ಅಷ್ಟ. ಹಳೇದಕ್ಕ ಏನೂ ಕೇಳೂದಿಲ್ಲ, ಮುಂದಿಂದಕ್ಕ ಹಾಕ್ರಿ ಅಂದ. ವಿಶಾಲ ನಕ್ಕಿದ್ದ. ಪ್ಯಾಡ್ ಬಡ್ಯಾವಗ ಹೆಸರ ಯಾಕೋ ಅಂತ."

"ನಂಗ ಯಾಕ ಹೇಳಲಿಲ್ಲ?"

"ಹೇಳಿದ್ರ ಆ ಹೆಸರ ಹಾಕಿದಾಂವ ನಾನ ಅನ್ನೂದೂ ಹೇಳಬೇಕಾಗತಿತ್ರಿ."

ಹೊರಗೆ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಎಲ್ಲರಿಗೂ ಅದು ಯಾರ ಹಾಡೆಂದು ಗೊತ್ತಾಯಿತು.

"ಮೇಡಂ," ಎಂದಳು ರಾಧಿಕಾ. "ಇನ್ನೊಂದ ಐತಿ. ಇದಕಿಂತ ಕೆಟ್ಟದ್ದು."

ಅವಳು ಪರದೆಯ ಮೇಲಿನ ಚುಕ್ಕಿಗಳನ್ನು ಹತ್ತಿರಕ್ಕೆ ಎಳೆದಳು. ಚರಚರ ಮುಗಿಯುವ ಜಾಗದಲ್ಲಿ ಎಲ್ಲ ರಬ್ಬರುಗಳ ಚುಕ್ಕಿಯೂ ಒಂದೇ ಸಾಲಿನಲ್ಲಿ ನಿಂತಿದ್ದವು. ಎಲ್ಲವೂ ಮಸುಕು.

"ಎರಡ ಕೋಲಿನಿಂದ ಇಷ್ಟೂ ರಬ್ಬರಿಗೆ ಒಮ್ಮೆ ಹೊಡ್ಯಾಕ ಬರೂದಿಲ್ರಿ. ಸ್ಟ್ಯಾಂಡ್ ಅಲಗ್ಯಾಡಿದ್ರ ಹಿಂಗ ಆಗತೈತಿ. ಯಾರಾರೆ ಅದರ ಮ್ಯಾಲ ಬಿದ್ರ."

ಸುಜಾತಾ ಸ್ಟ್ಯಾಂಡಿನ ಕೆಳಗೆ ನೋಡಿದಳು. ಕಬ್ಬಿಣದ ಕಾಲು, ಹಿಂದೆ ಸಿಮೆಂಟಿನ ಕಟ್ಟೆಯ ಅಂಚು. ಗೋಕಾಕದ ವೈದ್ಯರ ವರದಿಯಲ್ಲಿ ತಲೆಯ ಹಿಂಭಾಗದ ಪೆಟ್ಟಿನ ಅಳತೆ ಇತ್ತು. ಶ್ವಾಸಕೋಶದಲ್ಲಿ ಕಾಲುವೆಯ ನೀರೂ ಇತ್ತು. ನೀರಿಗೆ ಬಿದ್ದಾಗ ಲಗಮಪ್ಪ ಉಸಿರಾಡುತ್ತಿದ್ದ.

"ಅಲ್ಲಿಗೆ ರೆಕಾರ್ಡಿಂಗ್ ನಿಂತೈತಿ," ರಾಧಿಕಾ ಮುಂದುವರಿಸಿದಳು. "ಆಮ್ಯಾಲ ಬ್ಯಾರೆ ರೆಕಾರ್ಡಿಂಗ್ ಶುರು ಆಗೇತಿ. ಮೂರನೇ ನುಡಿಯಿಂದ ಕಡೀತನಕ. ಕೇಳಾವ್ರಿಗೆ ಒಂದ ಹಾಡ ಅನಸತೈತಿ, ಯಾಕಂದ್ರ ಎರಡೂ ತುಣುಕ ಕೂಡಸ್ಯಾರ."

"ನಾನ ಕೂಡಸೀನ್ರಿ," ಎಂದ ಶ್ರೀಶೈಲ. "ನೀರ ಕುಡ್ಯಾಕ ಎದ್ದಿರಬೇಕು ಅನ್ಕೊಂಡ್ನಿ."

"ಬಿದ್ದಾಂವ ಎದ್ದು ಮತ್ತ ಬಾರಸಿದ್ನೇನು?"

"ಇಲ್ರಿ," ಎಂದಳು ರಾಧಿಕಾ.

ಅವಳು ಪರದೆಯ ಮೇಲಿನ ಉದ್ದ ಗೆರೆಗಳನ್ನು ತೋರಿಸಿದಳು. ತಾಳ ಬೀಳಬೇಕಾದ ಜಾಗಗಳು ಅವು. "ಲಗಮಪ್ಪನ ಏಟು ಯಾವಾಗಲೂ ಗೆರಿಗಿಂತ ಕೂದಲೆಳಿಯಷ್ಟ ಹಿಂದ ಬೀಳತಾವು. ಎಳದ ಬಾರಸೋ ಕೈ. ಅವನ ಹಳೇ ಹಾಡ ತಗದ ನೋಡಿದೆ, ಎಲ್ಲಾದ್ರಾಗೂ ಹಂಗ. ಇಲ್ಲಿ ನೋಡ್ರಿ, ಎರಡನೇ ತುಣುಕು. ಎಲ್ಲಾ ಏಟೂ ಗೆರಿಗಿಂತ ಮುಂದ ಅದಾವು. ಅವಸರದ ಕೈ. ಚಲೋ ಬಾರಸ್ಯಾರ, ಅವನಂಗ ಬಾರಸ್ಯಾರ, ಕಿವಿಗೆ ಗೊತ್ತಾಗೂದಿಲ್ಲ. ಆದ್ರ ಲಗಮಪ್ಪ ಅಲ್ಲ."

"ವಿಶಾಲಗ ಪ್ಯಾಡ್ ಬರತೈತೇನು?"

ಶ್ರೀಶೈಲ ಮೊದಲ ಸಲ ನಗುವಂತೆ ಮುಖ ಮಾಡಿದ. "ಅವಗ ಚಪ್ಪಾಳಿ ಸುದ್ದಾ ತಾಳಕ್ಕ ಬರೂದಿಲ್ರಿ."

ಹಾಗಾದರೆ ಒಬ್ಬ ಪೆಟ್ಟು ತಿಂದು ಬಿದ್ದ ಕೋಣೆಯಲ್ಲಿ ಇನ್ನೊಬ್ಬರು ಸ್ಟೂಲಿನ ಮೇಲೆ ಕೂತು ಅವನ ಹಾಡು ಮುಗಿಸಿದ್ದರು. ಲಗಮಪ್ಪ ಹಾಡು ಪೂರ್ತಿ ಮಾಡಿ, ಬಾಗಿಲು ಹಾಕಿ, ಬೈಕು ಹತ್ತಿ ಹೋದ ಎಂದು ಊರು ನಂಬಿದ್ದು ಆ ಕೈಯಿಂದ.

ಸುಜಾತಾ ಎದ್ದು ಬಾಗಿಲು ತೆಗೆದಳು.

ಶೋಭಾ ಹಾಗೇ ಕೂತಿದ್ದಳು. ಈ ಹೆಂಗಸು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಮಣ್ಣಿಗೆ ಬಂದ ಹೆಂಗಸರು ಅದನ್ನೇ ಆಡಿಕೊಂಡಿದ್ದರು. ಸುಜಾತಾಳಿಗೆ ಮಾತ್ರ ಅದು ವಿಚಿತ್ರ ಅನ್ನಿಸಿರಲಿಲ್ಲ. ಅಳು ಬರುವ ಜಾಗ ಒಣಗಿ ಹೋಗುವುದು ಹೇಗೆಂದು ತನಗೆ ಗೊತ್ತು ಎಂದುಕೊಂಡಿದ್ದಳು. ಅದಕ್ಕೇ ಈವರೆಗೆ ಅವಳನ್ನು ಹೆಚ್ಚು ಕೇಳಿರಲಿಲ್ಲ. ಗಂಡ ಕುಡಿಯುತ್ತಿದ್ದನೇ, ಜಗಳವಿತ್ತೇ, ಎಷ್ಟು ಹೊತ್ತಿಗೆ ಮನೆ ಬಿಟ್ಟ. ಅಷ್ಟೇ.

"ಒಳಗ ಬಾ ತಂಗಿ. ಒಂದ ಸ್ವಲ್ಪ ಕೇಳೂದೈತಿ."

ಶೋಭಾ ಬಂದು ಬಾಗಿಲ ಹತ್ತಿರ ನಿಂತಳು. ಸೆರಗಿನ ತುದಿ ಸರಿಮಾಡಿಕೊಂಡಳು. ಶ್ರೀಶೈಲನನ್ನು ನೋಡಲಿಲ್ಲ, ಪ್ಯಾಡನ್ನೂ ನೋಡಲಿಲ್ಲ.

"ಇದನ್ನ ಕೇಳು. ಇದು ನಿನ್ನ ಗಂಡ ಬಾರಸಿದ್ದಲ್ಲ ಅಂತಾರ ಇವರು. ಅವನ ಜೋಡಿ ಯಾರ್‍ಯಾರ ಬಾರಸ್ತಿದ್ರು ನಿಂಗ ಗೊತ್ತಿರಬೇಕು. ಯಾರ ಕೈ ಇದು?"

ರಾಧಿಕಾ ಎರಡನೇ ತುಣುಕು ಹಚ್ಚಿದಳು. ಹಲಗೆ, ಡೊಳ್ಳು, ನಡುವೆ ಸಣ್ಣ ಗೆಜ್ಜೆಯ ಸದ್ದು. ಶೋಭಾ ಕಣ್ಣು ಮಿಟುಕಿಸದೆ ಕೇಳಿದಳು. ಹಾಡು ಮುಗಿಯಿತು.

ಅವಳು ಹಣಮಂತನ ಎದುರು ಹೋಗಿ ಕೈ ಚಾಚಿದಳು. ಅವನು ಏನು ತಿಳಿದನೋ, ಕೋಲುಗಳನ್ನು ಕೊಟ್ಟ. ಗುರುತು ಹಿಡಿಯಲು ಕೇಳುತ್ತಿದ್ದಾಳೆ ಎಂದು ಸುಜಾತಾ ಅಂದುಕೊಂಡಳು.

ಶೋಭಾ ಸ್ಟೂಲಿನ ಮೇಲೆ ಕೂತಳು. ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. ಬಳೆಗಳನ್ನು ಮೇಲಕ್ಕೆ ಏರಿಸಿಕೊಳ್ಳುವಂತೆ ಎರಡೂ ಮುಂಗೈ ಸವರಿಕೊಂಡಳು. ಅಲ್ಲಿ ಬಳೆ ಇರಲಿಲ್ಲ. ಬಾರಿಸತೊಡಗಿದಳು.

ಹಲಗೆ, ಡೊಳ್ಳು, ನಡುವೆ ಗೆಜ್ಜೆ. ಮೂರನೇ ನುಡಿ, ಎಲ್ಲೂ ತಡವರಿಸದೆ.

ರಾಧಿಕಾಳ ಬೆರಳು ರೆಕಾರ್ಡಿಂಗ್ ಗುಂಡಿಯ ಮೇಲಿತ್ತು. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡಿದವು. ಒಂದೊಂದೂ ಗೆರೆಗಿಂತ ಕೂದಲೆಳೆಯಷ್ಟು ಮುಂದೆ.

ಶೋಭಾ ನಿಲ್ಲಿಸಿದಳು. ಕೋಲುಗಳನ್ನು ಪ್ಯಾಡಿನ ಮೇಲೆ ಜೋಡಿಸಿಟ್ಟಳು.

"ನಮ್ಮಪ್ಪ ಹುಕ್ಕೇರ್‍ಯಾಗ ಭಜನಿ ಮೇಳದಾಗ ದಿಮ್ಮ ಬಾರಸ್ತಿದ್ರು," ಎಂದಳು. "ನಾನೂ ಬಾರಸ್ತಿದ್ನಿ. ಇವರಿಗೆ ಕೈ ನೋವಾದಾಗ ನಾನ ಬಂದ ಬಾರಸಿದ ಹಾಡೂ ಅದಾವು. ಯಾರಿಗೂ ಹೇಳತಿದ್ದಿಲ್ಲ."

ಸುಜಾತಾ ತನ್ನ ದನಿ ತಾನೇ ಕೇಳಿಸಿಕೊಂ‌ಡಳು. "ನೀ ಅವತ್ತ ಇಲ್ಲಿದ್ದಿ."

"ಬುತ್ತಿ ತಂದಿದ್ನಿ. ಮಗಳನ್ನೂ ಕರಕೊಂಡ ಬಂದಿದ್ನಿ, ಸಾಲಿ ಸೂಟಿ ಇತ್ತಲ್ರಿ. ಬಾಗಲಾ ತಗದ್ರ ಇವರು ಇಲ್ಲಿ ಬಿದ್ದಿದ್ರು." ಅವಳು ಕಟ್ಟೆಯ ಅಂಚನ್ನು ತೋರಿಸಿದಳು, ಮನೆಗೆ ಬಂದವರಿಗೆ ನೀರಿನ ಕೊಡ ಎಲ್ಲಿದೆ ಎಂದು ತೋರಿಸುವ ಹಾಗೆ. "ಆಂವ, ವಿಶಾಲ, ಕಂಪ್ಯೂಟರ್ ಮುಂದ ನಿಂತಿದ್ದ. ಸ್ಟ್ಯಾಂಡಿಗೆ ಕಾಲ ತೊಡರಿ ಬಿದ್ದ, ದವಾಖಾನಿಗೆ ಒಯ್ತೀನಿ ಅಂದ. ಹೆಗಲ ಮ್ಯಾಲ ಹೊತಕೊಂಡು ಹಿಂದಿನ ಪಾವಟಿಗಿ ಇಳಿದ. ಮಗಳ ಕೈ ಹಿಡಕೊಂಡ ಅಕಿನ್ನೂ ತನ್ನ ಕಾರಿನ್ಯಾಗ ಕುಂಡ್ರಿಸಿದ. ಮತ್ತ ಮ್ಯಾಲ ಬಂದು ಇವರ ಬೈಕಿನ ಕೀಲಿ ಕಿಸೆಗೆ ಹಾಕ್ಕೊಂಡು, ಕಂಪ್ಯೂಟರ್ ಚಾಲೂ ಮಾಡಿ ನಂಗಂದ, ಹಾಡ ಮುಗಸು. ಮುಗದಿಂದ ಮಗಳನ್ನ ಮನಿಗೆ ತಂದ ಬಿಡ್ತೀನಿ."

"ಮುಗಿಸಿದಿ."

"ಹ್ಞೂಂ. ಮುಗಿಸಿ ಬಾಗಲಾ ಹಾಕಿ ಟಂಟಂ ರಿಕ್ಷಾ ಹತ್ತಿ ಮನಿಗೆ ಹೋದ್ನಿ. ಸಂಜಿಕೆ ಮಗಳನ್ನ ತಂದ ಬಿಟ್ಟ. ಇವರನ್ನ ತರಲಿಲ್ಲ."

ಹಣಮಂತ ಗೋಡೆಗೆ ಕೈ ಊರಿ ನಿಂತಿದ್ದ.

"ಯಾಕ ಹೇಳಲಿಲ್ಲ ತಂಗಿ?"

ಶೋಭಾ ಯೋಚಿಸಿದಳು. ನಿಜವಾಗಿಯೂ ಕಾರಣ ಹುಡುಕುತ್ತಿರುವಂತೆ ಕಂಡಳು.

"ಮಗಳು ಅವತ್ತಿಂದ ಮಾತ ಬಿಟ್ಟಾಳ್ರಿ ಅಕ್ಕಾರ. ಗಾಡ್ಯಾಗ ಏನ ನೋಡ್ಯಾಳೋ ಗೊತ್ತಿಲ್ಲ. ಮಾತಾಡಿದ್ರ ಹೇಳ್ತಾಳ. ಆಂವಗೂ ಅದು ಗೊತ್ತೈತಿ. ಅದಕ್ಕ ದಿನಾ ಆಂವನ ಬಂದ ಸಾಲಿಗೆ ಬಿಡ್ತಾನ, ಆಂವನ ಕರಕೊಂಡ ಬರತಾನ. ಊರ ಮಂದಿ ದೇವರಂಥಾಂವ ಅಂತಾರ. ನಾ ದಿನಾ ಹೊಸ್ತಿಲದಾಗ ನಿಂತ ನೋಡ್ತೀನಿ, ಬಂದ್ಲೋ ಇಲ್ಲೋ ಅಂತ. ಬಂದ ಮ್ಯಾಲ ಅಡಗಿ ಮಾಡ್ತೀನಿ."

ಅವಳು ಒಮ್ಮೆ ಕಟ್ಟೆಯ ಕಡೆ ನೋಡಿ ಮತ್ತೆ ಸುಜಾತಾಳ ಕಡೆ ತಿರುಗಿದಳು.

"ನಾ ಇವರನ್ನ ಮುಟ್ಟಿ ನೋಡಲಿಲ್ರಿ. ಅವಾಗ ಉಸಿರ ಇತ್ತೇನ್ರಿ ಅಕ್ಕಾರ?"

ಸುಜಾತಾ ಅವಳ ಕಣ್ಣು ತಪ್ಪಿಸಿ ಕಟ್ಟೆಯ ಅಂಚು ನೋಡಿದಳು. ಇವಳ ಮೌನ ತನ್ನದರ ಹಾಗೇ ಇದೆ ಎಂದು ತಿಳಿದು ಇಷ್ಟು ದಿನ ಬಿಟ್ಟಿದ್ದೆ ಎಂಬುದು ಮಾತ್ರ ಅವಳಿಗೆ ಹೊಳೆಯಿತು. ಅದೂ ದೂರದಿಂದ, ಯಾರದೋ ತಪ್ಪೆಂಬಂತೆ. ಫೋನ್ ತೆಗೆದಳು.

"ಮಗಳ ಹೆಸರೇನು? ಯಾವ ಸಾಲಿ?"

"ಅಕ್ಕವ್ವ. ನಮ್ಮ ಅತ್ತಿ ಹೆಸರ ಇಟ್ಟೀವಿ. ಮೇಲವಂಕಿ ಸಾಲಿ."

ಮೂರನೇ ಸಲಕ್ಕೆ ಹೆಡ್‌ಮಾಸ್ತರರ ಫೋನ್ ಸಿಕ್ಕಿತು. ಅವರು ಯಾರನ್ನೋ ಕೂಗಿದರು. ತರಗತಿಗೆ ಪಾಠ ಹೇಳುವ ಅಕ್ಕೋರು ಬಂದು ಫೋನ್ ಹಿಡಿದರು. ಹಿಂದೆ ಮಕ್ಕಳ ಗದ್ದಲ.

"ಲಗಮಪ್ಪನ ಮಗಳು ಅಕ್ಕವ್ವ ಕ್ಲಾಸಿನ್ಯಾಗ ಅದಾಳೇನ್ರಿ?"

"ಇಲ್ರಿ ಮೇಡಂ. ಊಟದ ಸೂಟ್ಯಾಗ ಕರಕೊಂಡ ಹೋದ್ರು. ಆ ಹಾಡ ಹಾಡ್ತಾರಲ್ರಿ, ವಿಶಾಲ ಅವರು. ದಿನಾ ಅವರ ಕರಕೊಂಡ ಹೊಕ್ಕಾರಲ್ರಿ, ಅದಕ್ಕ ಕಳಿಸಿದ್ವಿ." ಅಕ್ಕೋರ ದನಿಯಲ್ಲಿ ಸಂತೋಷವಿತ್ತು. "ನಿಮ್ಗ ಹೇಳಬೇಕ್ರಿ, ಇಷ್ಟ ದಿನಾ ಬಾಯಿ ಬಿಟ್ಟಿರಲಿಲ್ಲ ಹುಡುಗಿ. ಇವತ್ತ ಮುಂಜಾನಿ ಎಲ್ಲಾರ ಮುಂದ ಎದ್ದ ನಿಂತು ಭಾಳ ಮಾತಾಡಿದ್ಲು. ಕರ್ಯಾಕ ಬಂದಾಗ ಅವರಿಗೂ ನಾನ ಹೇಳಿದ್ನಿ, ಅಕ್ಕವ್ವ ಮಾತಾಡಿದ್ಲ್ರಿ ಅಂತ."

"ಎಲ್ಲಿಗೆ ಹೋದ್ರು?"

"ಅದನ್ನ ಹೇಳಾಕತ್ತೀನ್ರಿ. ಗಾಡಿ ಹತ್ತೂ ಮುಂದ ಕೇಳಿದ್ನಿ, ಎಲ್ಲಿಗವ್ವಾ ಅಂತ. ಅಪ್ಪನ ಹತ್ರ ಅಂದ್ಲು."